ವಾಟ್ಸಾಪಿಗೆ ಬರುವ ಪ್ರಶ್ನೆಗಳೂ ಅಂಗಡಿಯ ಪುಟದಲ್ಲಿ ಇಲ್ಲದ ಉತ್ತರಗಳೂ

ಸಣ್ಣ ಆನ್‌ಲೈನ್ ಅಂಗಡಿಯ ಮಾರಾಟ ಹೆಚ್ಚಬೇಕಾದರೆ ಜಾಹೀರಾತಿಗೆ ಹಣ ಹಾಕಬೇಕು ಎಂಬುದು ಈ ವ್ಯವಹಾರಕ್ಕೆ ಕೈಹಾಕಿದವರಿಗೆಲ್ಲ ಮೊದಲು ಸಿಗುವ ಸಲಹೆ. ನನ್ನ ಅತ್ತಿಗೆ ತುಮಕೂರಿನಿಂದ ನಡೆಸುವ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಆ ಸಲಹೆಯ ಮೇಲಿನ ನಂಬಿಕೆ ನನ್ನಲ್ಲಿ ಬಹಳಷ್ಟು ಕಡಿಮೆಯಾಗಿದೆ. ಬಂದವರೇ ಕೊಳ್ಳದೆ ಹಿಂತಿರುಗುತ್ತಿರುವಾಗ ಇನ್ನಷ್ಟು ಜನರನ್ನು ಕರೆತಂದರೆ ಜಾಹೀರಾತಿನ ಖರ್ಚು ಬೆಳೆಯುತ್ತದೆಯೇ ಹೊರತು ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಆನ್‌ಲೈನ್ ಖರೀದಿಯನ್ನು ಕುರಿತು ವರ್ಷಗಳಿಂದ ಅಧ್ಯಯನ ನಡೆಸುತ್ತಿರುವ ಡೆನ್ಮಾರ್ಕಿನ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿ ಕೊಡುವ ಲೆಕ್ಕದ ಪ್ರಕಾರ, ಕಾರ್ಟಿಗೆ ಸಾಮಾನು ಹಾಕಿದವರಲ್ಲಿ ಸುಮಾರು ಶೇ. 70ರಷ್ಟು ಮಂದಿ ಹಣ ಕಟ್ಟದೆಯೇ ಹೊರಟುಹೋಗುತ್ತಾರೆ. ಅವರಲ್ಲಿ ಸುಮ್ಮನೆ ನೋಡಿ ಹೋಗಲು ಬಂದವರೂ ಇರುತ್ತಾರೆ, ಅದಕ್ಕೆ ಮದ್ದಿಲ್ಲ. ಆದರೆ ಕೊಳ್ಳುವ ಮನಸ್ಸಿದ್ದೂ ಯಾವುದೋ ಅನುಮಾನ ಬಂದು ನಡುವೆಯೇ ನಿಂತವರನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ, ಮತ್ತು ಆ ಅನುಮಾನ ಏನೆಂಬುದನ್ನು ಅವರೇ ವಾಟ್ಸಾಪಿನಲ್ಲಿ ಬರೆದು ತಿಳಿಸುತ್ತಿರುತ್ತಾರೆ.

ಅತ್ತಿಗೆ ಮಾರುವುದು ನಮ್ಮ ಜಿಲ್ಲೆಯ ಸರಕನ್ನೇ. ತಿಪಟೂರು ಕಡೆಯ ಉಂಡೆ ಕೊಬ್ಬರಿ, ಹುಣಸೆಹಣ್ಣು, ರಾಗಿ ಹುರಿಹಿಟ್ಟು, ಹುರುಳಿಕಾಳು, ಪಾವಗಡ ಕಡೆಯ ಕಡಲೆಕಾಯಿ ಬೀಜದ ಚಟ್ನಿಪುಡಿ, ಹಬ್ಬದ ಸಮಯದಲ್ಲಿ ನಿಪ್ಪಟ್ಟು ಮತ್ತು ಚಕ್ಕುಲಿ. ಕೊಳ್ಳುವವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ನೆಲೆಸಿರುವ ಈ ಭಾಗದವರು. ಅವರು ಕೇಳುವ ಪ್ರಶ್ನೆಗಳನ್ನು ಅತ್ತಿಗೆ ಹಳೆಯ ಲೆಕ್ಕದ ಪುಸ್ತಕವೊಂದರ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ನನಗೆ ದೊರೆತ ಅತ್ಯುತ್ತಮ ಮಾರುಕಟ್ಟೆ ವರದಿ ಎಂದರೆ ಆ ಹಾಳೆಗಳೇ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ ಎಂದರೆ ಪುಟದಲ್ಲಿ ಆ ಜಾಗ ಖಾಲಿ ಇದೆ ಎಂದು ಅರ್ಥ. ಅದಲ್ಲದೆ, ಒಬ್ಬರು ಪ್ರಶ್ನೆ ಕೇಳುವಷ್ಟು ತಾಳ್ಮೆ ತೋರಿದ್ದಾರೆಂದರೆ ಕೇಳದೆಯೇ ಬೇರೆ ಅಂಗಡಿಗೆ ಹೋದವರು ಹಲವರಿರುತ್ತಾರೆ.

ಕೊಬ್ಬರಿಯ ಪುಟವನ್ನೇ ತೆಗೆದುಕೊಳ್ಳಿ. ಅಲ್ಲಿ ಮೊದಲಿಗೆ ಇದ್ದದ್ದು ಒಂದು ಚಿತ್ರ, ಬೆಲೆ, ‘ಉತ್ತಮ ಗುಣಮಟ್ಟದ ತಿಪಟೂರು ಕೊಬ್ಬರಿ’ ಎಂಬ ಒಂದು ಸಾಲು. ಈ ಮಾತನ್ನು ಹೇಳದ ಅಂಗಡಿಯೇ ಇಲ್ಲದಿರುವುದರಿಂದ ಓದುವವರಿಗೆ ಅದು ಏನನ್ನೂ ತಿಳಿಸುವುದಿಲ್ಲ. ವಾಟ್ಸಾಪಿನಲ್ಲಿ ಬರುತ್ತಿದ್ದ ಪ್ರಶ್ನೆಗಳು ಬೇರೆಯೇ ಆಗಿದ್ದವು: ಕೆ.ಜಿ.ಗೆ ಎಷ್ಟು ಉಂಡೆ ಬರುತ್ತವೆ, ಒಳಗೆ ಬೆಳ್ಳಗಿದೆಯೋ ಹಳದಿಗೆ ತಿರುಗಿದೆಯೋ, ಇಡಿಯಾಗಿ ಕಳುಹಿಸುತ್ತೀರೋ ಹೋಳು ಮಾಡಿಯೋ, ಮಳೆಗಾಲದಲ್ಲಿ ಎಷ್ಟು ದಿನ ಕೆಡದೆ ಇರುತ್ತದೆ. ಈಗ ಆ ಪುಟದಲ್ಲಿ ಒಡೆದ ಕೊಬ್ಬರಿಯೊಂದನ್ನು ಅಂಗೈಯ ಮೇಲಿಟ್ಟು ತೆಗೆದ ಚಿತ್ರವಿದೆ. ಅದರಿಂದ ಗಾತ್ರವೂ ಒಳಗಿನ ಬಣ್ಣವೂ ಒಂದೇ ನೋಟಕ್ಕೆ ತಿಳಿಯುತ್ತವೆ. ದಪ್ಪ ಕಾಯಿಯದಾದರೆ ಕೆ.ಜಿ.ಗೆ ಏಳೆಂಟು, ಸಣ್ಣದಾದರೆ ಹತ್ತರವರೆಗೆ ಬರುತ್ತವೆ ಎಂದು ಬರೆದಿದೆ. ಕಾಯಿಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಟ್ಟು, ಒಳಗಿನ ನೀರು ಪೂರ್ತಿ ಇಂಗಿ ಅಲ್ಲಾಡಿಸಿದಾಗ ಉಂಡೆ ಲೊಟಲೊಟ ಎನ್ನುವ ಹದಕ್ಕೆ ಬಂದ ಮೇಲೆ ಸುಲಿದು ಒಡೆಯುತ್ತಾರೆ ಎಂಬ ವಿವರವೂ ಸೇರಿತು. ಇದನ್ನು ಓದಿದವರಿಗೆ ಬೆಲೆ ಏಕೆ ಹೀಗಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಬೆಲೆಯ ವಿಷಯದಲ್ಲಿ ಕೊಬ್ಬರಿ ಬಹಳ ತಂಟೆಯ ಸರಕು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಅದೇ ವರ್ಷದ ನಡುಭಾಗದಲ್ಲಿ ತಿಪಟೂರು ಮಾರುಕಟ್ಟೆಯ ದರ ಅದರ ಎರಡು ಪಟ್ಟನ್ನೂ ದಾಟಿತ್ತು. ಹೀಗೆ ಏರಿಳಿಯುವ ಸರಕಿಗೆ ಹಳೆಯ ಬೆಲೆ ಹಾಕಿಟ್ಟು, ಆರ್ಡರ್ ಬಂದ ಮೇಲೆ ಫೋನ್ ಮಾಡಿ ‘ರೇಟು ಜಾಸ್ತಿಯಾಗಿದೆ’ ಎನ್ನುವ ಅಂಗಡಿಗೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ಬೆಲೆಯ ಕೆಳಗೆ ‘ಈ ವಾರದ ದರ’ ಎಂದು ದಿನಾಂಕ ಹಾಕುವ ಪದ್ಧತಿ ನನಗೆ ಸರಿ ಕಾಣುತ್ತದೆ. ಮಂಡಿಯ ದರವನ್ನು ದಿನಪತ್ರಿಕೆಯಲ್ಲಿ ಓದುವ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹುಣಸೆಹಣ್ಣಿನ ಪ್ರಶ್ನೆಗಳು ಎರಡೇ: ಬೀಜ ತೆಗೆದಿದ್ದೀರಾ, ಹೊಸದೋ ಹಳೆಯದೋ. ಹೊಸ ಹುಣಸೆ ಕೆಂಪಾಗಿರುತ್ತದೆ, ಇಟ್ಟಷ್ಟೂ ಕಪ್ಪಾಗುತ್ತದೆ. ಸಾರಿಗೆ ಕೆಲವರಿಗೆ ಹಳೆಯದೇ ಬೇಕು. ಆದ್ದರಿಂದ ಇವೆರಡನ್ನೂ ಒಂದೇ ಪುಟದ ಒಳಗಿನ ಆಯ್ಕೆಗಳಾಗಿ ಇಡದೆ ಬೇರೆ ಬೇರೆ ಸರಕುಗಳಾಗಿ, ಬೇರೆ ಬೇರೆ ಚಿತ್ರದೊಂದಿಗೆ ತೋರಿಸಿದ್ದೇವೆ. ರಾಗಿ ಹುರಿಹಿಟ್ಟಿನಲ್ಲಿಯೂ ಇಂಥದೇ ಗೊಂದಲವಿತ್ತು. ಮೊಳಕೆ ಕಟ್ಟಿದ ರಾಗಿಯಿಂದ ಮಾಡುವ ಮಾಲ್ಟ್ ಎಂದು ತಿಳಿದು ಕೊಳ್ಳುವವರಿಗೆ, ಇದು ಅರಳು ಹುರಿದು ಬೀಸಿದ ಹಿಟ್ಟು, ಕುದಿಸುವ ಅಗತ್ಯವಿಲ್ಲದೆ ಹಾಲು ಬೆಲ್ಲವನ್ನೋ ಮಜ್ಜಿಗೆಯನ್ನೋ ಬೆರೆಸಿಕೊಂಡು ತಿನ್ನಬಹುದು ಎಂದು ಚಿತ್ರದ ಪಕ್ಕದಲ್ಲಿಯೇ ಹೇಳಬೇಕಾಯಿತು. ಇದರ ಜೊತೆಗೆ ಹುಡುಕುವ ಪೆಟ್ಟಿಗೆಯನ್ನೂ ಸರಿಪಡಿಸಬೇಕು. ಜನರು ಸರಕಿನ ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ, ಇಂಗ್ಲಿಷ್ ಅಕ್ಷರಗಳಲ್ಲಿ ಐದಾರು ಬಗೆಯಲ್ಲಿ ಬರೆಯುತ್ತಾರೆ, ಎರಡು ಪದವಾಗಿ ಒಡೆದೂ ಬರೆಯುತ್ತಾರೆ. ಯಾವ ರೂಪದಲ್ಲಿ ಬರೆದರೂ ಅದೇ ಸರಕು ಸಿಗಬೇಕಲ್ಲದೆ ‘ಏನೂ ಸಿಗಲಿಲ್ಲ’ ಎಂಬ ಉತ್ತರ ಬರಬಾರದು. ಹುಡುಕಿ ಸಿಗದೆ ಹೋದ ಪದಗಳ ಪಟ್ಟಿಯನ್ನು ಹೆಚ್ಚಿನ ಅಂಗಡಿ ತಂತ್ರಾಂಶಗಳು ಉಳಿಸಿಡುತ್ತವೆ. ವಾರಕ್ಕೊಮ್ಮೆ ಅದನ್ನು ತೆರೆದು ನೋಡಿದರೆ ಜನರು ಕೇಳುತ್ತಿರುವ, ಆದರೆ ನಾವು ಮಾರದ ಸರಕೂ ಗೊತ್ತಾಗುತ್ತದೆ.

ಕನ್ನಡದಲ್ಲಿಯೇ ಪುಟ ಮಾಡುವವರು ಗಮನಿಸಬೇಕಾದ ಒಂದು ಸಂಗತಿಯನ್ನು ಯಾವ ಮಾರ್ಗದರ್ಶಿಯೂ ನನಗೆ ಹೇಳಿಕೊಟ್ಟಿರಲಿಲ್ಲ. ಸಿದ್ಧ ವಿನ್ಯಾಸಗಳಲ್ಲಿ ಪರದೆಯ ಮೇಲೆ ಒತ್ತುವ ಗುಂಡಿಗಳ ಎತ್ತರವನ್ನು ಇಂಗ್ಲಿಷ್ ಅಕ್ಷರಗಳಿಗೆ ಅಳೆದು ಮಾಡಿರುತ್ತಾರೆ. ಅಲ್ಲಿ ಕನ್ನಡ ಬರೆದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ‘ಕೊಬ್ಬರಿ’ಯ ಒತ್ತು ಅರ್ಧ ಮಾತ್ರ ಕಾಣಿಸುತ್ತದೆ, ‘ಪಟ್ಟಿಗೆ ಸೇರಿಸಿ’ ಎಂಬುದು ‘ಪಟಿಗೆ ಸೇರಿಸಿ’ ಎಂದಾಗುತ್ತದೆ. ಇದು ಸಣ್ಣ ವಿಷಯವೆನಿಸಬಹುದು, ಆದರೆ ಹಣ ಕಟ್ಟುವ ಪುಟದಲ್ಲಿ ಅಕ್ಷರವೇ ಕತ್ತರಿಸಿದ್ದರೆ ನೋಡಿದವರಿಗೆ ಮೊದಲು ಬರುವ ಅನುಮಾನ ಇದು ನಕಲಿ ತಾಣ ಇರಬಹುದೇ ಎಂಬುದು. ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಿ, ಗುಂಡಿಯ ಎತ್ತರಕ್ಕೆ ಮಿತಿ ಹಾಕದೆ ಬಿಟ್ಟರೆ ಇದು ಸರಿಹೋಗುತ್ತದೆ. ಫಾಂಟುಗಳ ವಿಷಯದಲ್ಲಿಯೂ ಆಸೆ ಕಡಿಮೆಯಿದ್ದರೆ ಒಳ್ಳೆಯದು. ಚೆಂದಕ್ಕೆಂದು ಮೂರು ಬಗೆಯ ಕನ್ನಡ ಫಾಂಟುಗಳನ್ನು ಹಾಕಿದರೆ ಪುಟ ತೆರೆಯುವ ಮೊದಲು ಅವೆಲ್ಲವೂ ಇಳಿಯಬೇಕು.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಎಂಬುದು ಗೂಗಲ್ ಹಾಕಿಕೊಟ್ಟಿರುವ ಅಳತೆ. ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿ ಚಿತ್ರವನ್ನು ಹಾಗೆಯೇ ಏರಿಸಿದರೆ ಈ ಅಳತೆ ಮುಟ್ಟಲು ಸಾಧ್ಯವಿಲ್ಲ. ಚಿತ್ರದ ಅಗಲವನ್ನು ಸಾವಿರ ಪಿಕ್ಸೆಲ್ಲಿಗೆ ಇಳಿಸಿ ವೆಬ್‌ಪಿ ಎಂಬ ಹಗುರವಾದ ಚಿತ್ರರೂಪಕ್ಕೆ ಬದಲಿಸಿದರೆ ಅದು ನೂರಿನ್ನೂರು ಕೆಬಿಗೆ ಬಂದು ನಿಲ್ಲುತ್ತದೆ, ಕಣ್ಣಿಗೆ ವ್ಯತ್ಯಾಸವೂ ತಿಳಿಯುವುದಿಲ್ಲ.

ಪುಟದ ಎರಡು ರೂಪಗಳನ್ನು ಹೋಲಿಸಿ ನೋಡುವ ಪರೀಕ್ಷೆ ನಮ್ಮಂಥವರಿಗಲ್ಲ. ಸಣ್ಣ ವ್ಯತ್ಯಾಸವೊಂದು ನಿಜವೋ ಆಕಸ್ಮಿಕವೋ ಎಂದು ತಿಳಿಯಲು ಸಾವಿರಾರು ಜನ ಬಂದು ಹೋಗಬೇಕು. ಅದಕ್ಕಿಂತ, ಬಳಕೆಯ ಸೌಲಭ್ಯದ ವಿಷಯದಲ್ಲಿ ಹೆಸರಾದ ಯಾಕೋಬ್ ನೀಲ್ಸೆನ್ 2000ನೇ ಇಸವಿಯಲ್ಲಿ ಹೇಳಿದ ಮಾತು ಉಪಯೋಗಕ್ಕೆ ಬರುತ್ತದೆ: ಐದು ಜನ ಬಳಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದರೆ ಹೆಚ್ಚಿನ ದೋಷಗಳು ಕಣ್ಣಿಗೆ ಬೀಳುತ್ತವೆ. ಷರತ್ತು ಒಂದೇ, ಬಾಯಿ ಬಿಡಬಾರದು. ‘ಅಲ್ಲಿ ಒತ್ತಿ’ ಎಂದು ಹೇಳಿಕೊಟ್ಟರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು.

ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿರುವ ಅತ್ತಿಗೆಯ ಚಿಕ್ಕಮ್ಮ ಒಮ್ಮೆ ಮನೆಗೆ ಬಂದಿದ್ದಾಗ ಅವರ ಕೈಗೇ ಫೋನ್ ಕೊಟ್ಟು ಒಂದು ಚಟ್ನಿಪುಡಿ ತರಿಸಿಕೊಳ್ಳುವಂತೆ ಕೇಳಿದೆವು. ಸರಕನ್ನು ಹುಡುಕಿ ಕಾರ್ಟಿಗೆ ಹಾಕುವವರೆಗೂ ಅವರು ಎಲ್ಲಿಯೂ ತಡವರಿಸಲಿಲ್ಲ. ನಿಂತದ್ದು ವಿಳಾಸದ ಪುಟದಲ್ಲಿ. ‘ಏನಪ್ಪಾ ಇದು, ಫ್ಲಾಟ್ ನಂಬರ್ ಕೇಳ್ತಾ ಇದೆ, ನಮ್ಮನೆಗೆ ನಂಬರೇ ಇಲ್ವಲ್ಲ’ ಎಂದರು. ಆ ಪೆಟ್ಟಿಗೆಯನ್ನು ತುಂಬದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಅವರು ಸ್ವಲ್ಪ ಯೋಚಿಸಿ ಅಲ್ಲಿ ತಮ್ಮ ಮೊಬೈಲ್ ನಂಬರನ್ನೇ ಬರೆದರು. ಅದರ ಕೆಳಗಿನ ಎರಡು ಸಾಲುಗಳಲ್ಲಿ ಊರು ಎಲ್ಲಿ ಬರೆಯಬೇಕು, ಹೋಬಳಿ ಎಲ್ಲಿ ಬರೆಯಬೇಕು ಎಂದು ತಿಳಿಯದೆ ಬೆರಳು ಮೇಲಕ್ಕೂ ಕೆಳಕ್ಕೂ ಓಡಾಡಿತು. ಪಿನ್‌ಕೋಡಿನ ಜಾಗ ಮುಟ್ಟಿದರೆ ಅಂಕಿಗಳ ಬದಲು ಅಕ್ಷರಗಳ ಕೀಲಿಮಣೆ ಎದ್ದು ಬಂತು. ಕೊನೆಗೆ ‘ಮುಂದುವರಿಸಿ’ ಎಂಬ ಗುಂಡಿ ಆ ಕೀಲಿಮಣೆಯ ಕೆಳಗೆ ಮರೆಯಾಗಿತ್ತು. ಇಷ್ಟೂ ಅಡ್ಡಿಗಳು ಒಂದೇ ಪುಟದಲ್ಲಿದ್ದವು, ಮತ್ತು ನಗರದಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸುವವರಿಗೆ ಅವುಗಳಲ್ಲಿ ಒಂದೂ ಕಾಣುವುದಿಲ್ಲ.

ನಮ್ಮ ಕಡೆಯ ಜನರು ವಿಳಾಸ ಬರೆಯುವ ಕ್ರಮ ಬೇರೆ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಸರ್ಕಾರಿ ಅರ್ಜಿಗಳಲ್ಲಿ ತುಂಬಿ ತುಂಬಿ ಕೈ ಪಳಗಿದೆ. ಪೆಟ್ಟಿಗೆಗಳೂ ಅದೇ ಕ್ರಮದಲ್ಲಿದ್ದರೆ ಯಾರೂ ನಿಂತು ಯೋಚಿಸುವುದಿಲ್ಲ. ಈಗ ನಮ್ಮ ಪುಟ ಮೊದಲು ಕೇಳುವುದು ಪಿನ್‌ಕೋಡನ್ನು. ಅದನ್ನು ಹಾಕಿದ ಕೂಡಲೇ ತಾಲ್ಲೂಕು, ಜಿಲ್ಲೆ, ರಾಜ್ಯ ತಾವಾಗಿಯೇ ತುಂಬಿಕೊಳ್ಳುತ್ತವೆ, ಆ ಪಿನ್‌ಕೋಡಿಗೆ ಸೇರಿದ ಅಂಚೆ ಕಚೇರಿಗಳ ಪಟ್ಟಿ ತೆರೆದು ಒಂದನ್ನು ಆರಿಸಿಕೊಳ್ಳಲು ಹೇಳುತ್ತದೆ. ಇದಕ್ಕೆ ಬೇಕಾದ ಪಿನ್‌ಕೋಡ್ ಪಟ್ಟಿಯನ್ನು ಅಂಚೆ ಇಲಾಖೆಯೇ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಇಲ್ಲೊಂದು ಎಚ್ಚರಿಕೆ ಬೇಕು. ತುಮಕೂರು ಜಿಲ್ಲೆಯ ಪಿನ್‌ಕೋಡುಗಳು 572ರಿಂದ ಆರಂಭವಾಗುತ್ತವೆ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ, ಆದರೆ ಪಾವಗಡದ್ದು 561202. ಮೊದಲ ಮೂರು ಅಂಕಿ ನೋಡಿ ‘ಜಿಲ್ಲೆಯೊಳಗೆ ಸಾಗಣೆ ಉಚಿತ’ ಎಂದು ಲೆಕ್ಕ ಹಾಕುವ ತಂತ್ರಾಂಶ ಪಾವಗಡದವರನ್ನು ಹೊರಜಿಲ್ಲೆಯವರೆಂದು ಬಗೆದು ದುಡ್ಡು ಕೇಳುತ್ತದೆ. ಬಹುಪಾಲು ಆಂಧ್ರದಿಂದ ಸುತ್ತುವರಿದ ಆ ತಾಲ್ಲೂಕಿನವರಿಗೆ ಹೀಗೆ ಹೊರಗಿನವರಾಗುವುದು ಹೊಸದೇನೂ ಅಲ್ಲ, ಆದರೂ ಕಡಲೆಕಾಯಿ ಬೀಜ ಅವರ ಊರಿನದೇ ಆಗಿರುವಾಗ ಚಟ್ನಿಪುಡಿಯ ಅಂಗಡಿಯಾದರೂ ಹಾಗೆ ಮಾಡಬಾರದು.

ಗಿರಾಕಿಗಳು ಕೊನೆಯ ಹಂತದಲ್ಲಿ ಬಿಟ್ಟುಹೋಗುವುದಕ್ಕೆ ಅತಿ ದೊಡ್ಡ ಕಾರಣ ಸಾಗಣೆ ವೆಚ್ಚ. ಬೇಮಾರ್ಡ್ ಸಮೀಕ್ಷೆಗಳಲ್ಲಿಯೂ ಜನರು ಮೊದಲು ಹೇಳುವ ಕಾರಣ ಇದೇ, ಅಂದರೆ ಕೊನೆಗೆ ಸೇರಿಕೊಳ್ಳುವ ಹೆಚ್ಚುವರಿ ಖರ್ಚು. 200 ರೂಪಾಯಿಯ ಸಾಮಾನಿಗೆ ಕೊನೆಯ ಪುಟದಲ್ಲಿ 90 ರೂಪಾಯಿ ಕೊರಿಯರ್ ಎಂದು ಕಾಣಿಸಿದರೆ, ಆ 90 ರೂಪಾಯಿಗಿಂತ ಅದನ್ನು ಅಲ್ಲಿಯವರೆಗೆ ಮುಚ್ಚಿಟ್ಟಿದ್ದರು ಎಂಬುದೇ ಜನರನ್ನು ಕೆರಳಿಸುತ್ತದೆ. ಹೀಗೆ ಬೆಲೆಯನ್ನು ಹಂತಹಂತವಾಗಿ ಹೊರಗೆಡಹುವುದು, ಕೇಳದ ಸಾಮಾನನ್ನು ಕಾರ್ಟಿಗೆ ತುರುಕುವುದು, ‘ಇನ್ನೆರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು ಮುಂತಾದ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಮಾರಾಟ ಹೆಚ್ಚಿಸಿಕೊಡುತ್ತೇವೆಂದು ಬರುವ ಕೆಲವು ಪ್ಲಗಿನ್‌ಗಳು, ಅಂದರೆ ತಾಣಕ್ಕೆ ಸೇರಿಸಿಕೊಳ್ಳುವ ಕಿರು ತಂತ್ರಾಂಶಗಳು, ಮಾಡುವುದು ಇದನ್ನೇ ಆದ್ದರಿಂದ, ಅಳವಡಿಸುವ ಮೊದಲು ಅವುಗಳ ವಿವರವನ್ನು ಓದಿಕೊಳ್ಳುವುದು ಒಳ್ಳೆಯದು. ನಾವು ಸರಕಿನ ಪುಟದಲ್ಲಿಯೇ ಪಿನ್‌ಕೋಡ್ ಕೇಳಿ, ತಲುಪುವ ದಿನ ಮತ್ತು ವೆಚ್ಚ ಎರಡನ್ನೂ ಅಲ್ಲಿಯೇ ತೋರಿಸುತ್ತೇವೆ.

ಈ ವೆಚ್ಚ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಅಂಗಡಿಯವರು ಸರಿಯಾಗಿ ತಿಳಿದಿರಬೇಕು. ಕೊರಿಯರಿನವರು ತಕ್ಕಡಿಯ ತೂಕವನ್ನು ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ದರ ಅದಕ್ಕೇ. ನಿಪ್ಪಟ್ಟು ಪುಡಿಯಾಗಬಾರದೆಂದು 30, 25, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಕಾಗದ ತುಂಬಿ ಕಳುಹಿಸಿದರೆ ಒಳಗಿರುವುದು ಒಂದು ಕೆ.ಜಿ., ಕೊರಿಯರಿನ ಲೆಕ್ಕದಲ್ಲಿ ಮೂರು ಕೆ.ಜಿ. ಅತ್ತಿಗೆ ಇದನ್ನು ಅರ್ಥ ಮಾಡಿಕೊಂಡ ದಿನವೇ ಪೆಟ್ಟಿಗೆ ಮಾಡಿಕೊಡುವವರಲ್ಲಿಗೆ ಹೋಗಿ ನಿಪ್ಪಟ್ಟಿನ ಅಡ್ಡಳತೆಗೆ ಸರಿಯಾದ ಉದ್ದನೆಯ ಪೆಟ್ಟಿಗೆಗಳನ್ನು ಹೇಳಿ ಮಾಡಿಸಿದರು. ‘ಉಚಿತ ಸಾಗಣೆ’ಗೆ ಕನಿಷ್ಠ ಮೊತ್ತ ನಿಗದಿ ಮಾಡುವಾಗಲೂ ಈ ಲೆಕ್ಕ ಬೇಕು. ಕೊಬ್ಬರಿ ಮತ್ತು ಹುಣಸೆಯಂಥ ಅಡಕವಾದ ಸರಕಿಗೆ ಹೊಂದುವ ಮಿತಿ ಚಕ್ಕುಲಿಗೆ ಹೊಂದುವುದಿಲ್ಲ.

ಹಣ ಕಟ್ಟುವ ಕಡೆ ಎರಡು ಮಾತು. ಒಂದು, ಫೋನಿನಲ್ಲಿಯೇ ಅಂಗಡಿ ನೋಡುತ್ತಿರುವವರಿಗೆ ಅದೇ ಪರದೆಯ ಮೇಲೆ ಕ್ಯೂಆರ್ ಕೋಡ್ ತೋರಿಸಿ ಸ್ಕ್ಯಾನ್ ಮಾಡಿ ಎನ್ನುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಸ್ಕ್ಯಾನ್ ಮಾಡಬೇಕಾದ ಫೋನೂ ಅದೇ. ಒತ್ತಿದ ತಕ್ಷಣ ಅವರ ಯುಪಿಐ ಆ್ಯಪ್ ಮೊತ್ತದ ಸಮೇತ ತೆರೆದುಕೊಳ್ಳಬೇಕು, ಕ್ಯೂಆರ್ ಕಂಪ್ಯೂಟರಿನಲ್ಲಿ ನೋಡುವವರಿಗಿರಲಿ. ಎರಡು, ದುಡ್ಡು ಕಡಿತವಾಗಿ ಆರ್ಡರ್ ದಾಖಲಾಗದಿರುವ ಪ್ರಸಂಗ. ಹಣ ಕಟ್ಟಿದ ಗಿರಾಕಿ ಮತ್ತೆ ನಮ್ಮ ಪುಟಕ್ಕೆ ಮರಳುವ ಮೊದಲೇ ನೆಟ್‌ವರ್ಕ್ ಹೋದರೆ ಹೀಗಾಗುತ್ತದೆ. ಪಾವತಿ ಸಂಸ್ಥೆಯ ಗೇಟ್‌ವೇ ನಮ್ಮ ಸರ್ವರಿಗೆ ನೇರವಾಗಿ ಕಳುಹಿಸುವ ದೃಢೀಕರಣವನ್ನು ನಂಬಿ ಆರ್ಡರ್ ದಾಖಲಿಸುವಂತೆ ಮಾಡಿದರೆ ಗಿರಾಕಿ ಮರಳದಿದ್ದರೂ ತೊಂದರೆಯಿಲ್ಲ. ಹಾಗೂ ತೊಂದರೆಯಾದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ವ್ಯಾಪಾರಿಗೆ ದೃಢೀಕರಣ ತಲುಪದ ಯುಪಿಐ ಪಾವತಿ ವಹಿವಾಟಿನ ದಿನದ ನಂತರ ಐದು ದಿನದೊಳಗೆ ತಾನಾಗಿ ಹಿಂತಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ಈ ಎರಡು ಸಾಲನ್ನು ಪಾವತಿ ವಿಫಲವಾದಾಗ ಕಾಣುವ ಪುಟದಲ್ಲಿಯೇ ಬರೆದಿಟ್ಟ ಮೇಲೆ ಗಾಬರಿಯ ಫೋನ್ ಕರೆಗಳು ಕಡಿಮೆಯಾದವು.

ಮನೆಬಾಗಿಲಲ್ಲಿ ದುಡ್ಡು ಕೊಡುವ ಸೌಲಭ್ಯವನ್ನು ತೆಗೆದುಹಾಕಬೇಕೆಂದು ಹೇಳುವವರಿದ್ದಾರೆ. ಸರಕು ವಾಪಸು ಬಂದರೆ ಹೋಗುವ ಬರುವ ಎರಡೂ ಖರ್ಚು ನಮ್ಮ ಮೇಲೆ ಬೀಳುತ್ತದೆ ಎಂಬುದು ನಿಜ. (ಈ ವಾಪಸಾತಿಯನ್ನು ಕೊರಿಯರಿನವರು ಆರ್‌ಟಿಒ ಎನ್ನುತ್ತಾರೆ. ಮೊದಲ ಸಲ ಕೇಳಿದ ನಮ್ಮಣ್ಣ ಯಾವ ಗಾಡಿಯ ಕೇಸು ಎಂದು ವಿಚಾರಿಸಿದ್ದ.) ಆದರೂ ಹೊಸ ಅಂಗಡಿಯನ್ನು ನಂಬದವರು ಮೊದಲ ಸಲ ಕೊಳ್ಳುವುದು ಈ ದಾರಿಯಲ್ಲಿಯೇ. ಮೊದಲ ಆರ್ಡರಿಗೆ ಮಿತಿ ಹಾಕಿ, ಕಳುಹಿಸುವ ಮೊದಲು ವಾಟ್ಸಾಪಿನಲ್ಲಿ ಒಂದು ‘ಹೌದು’ ಬರೆಸಿಕೊಂಡು ಮುಂದುವರಿಯುವುದು ನನಗೆ ಸರಿಯೆನಿಸುತ್ತದೆ.

ನಂಬಿಕೆ ಹುಟ್ಟಿಸುವುದಕ್ಕೆ ಬೇಕಾದ ವಿವರಗಳನ್ನು ಕಾನೂನೇ ಪಟ್ಟಿ ಮಾಡಿಕೊಟ್ಟಿದೆ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಗಡಿಯ ಹೆಸರು ವಿಳಾಸಗಳ ಜೊತೆಗೆ ದೂರು ಕೇಳುವ ಅಧಿಕಾರಿಯ ಹೆಸರು ಮತ್ತು ಸಂಪರ್ಕ ತಾಣದಲ್ಲಿ ಇರಬೇಕು, ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ತಿನ್ನುವ ಪದಾರ್ಥಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆಯೂ ಬೇಕು. ಹೆಚ್ಚಿನವರು ಇವನ್ನೆಲ್ಲ ಪುಟದ ಅಡಿಯಲ್ಲಿ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ನಾವು ಹಣ ಕಟ್ಟುವ ಗುಂಡಿಯ ಪಕ್ಕದಲ್ಲಿಯೇ ಅತ್ತಿಗೆಯ ಹೆಸರು, ಅಂಗಡಿಯ ಬೀದಿ, ಫೋನ್ ನಂಬರ್ ಹಾಕಿದ್ದೇವೆ. ತುಮಕೂರಿನಲ್ಲಿ ಹೋಗಿ ಕೇಳಬಹುದಾದ ಒಂದು ಬಾಗಿಲು ಇದೆ ಎಂದು ತಿಳಿದರೆ ಯಾರೂ ಹೋಗಿ ಕೇಳುವುದಿಲ್ಲ, ನಿಶ್ಚಿಂತೆಯಿಂದ ಹಣ ಕಟ್ಟುತ್ತಾರೆ.

ಸದ್ಯ ಕೈಗೆತ್ತಿಕೊಂಡಿರುವುದು ಸಂಕ್ರಾಂತಿಯ ಪುಟ. ಎಳ್ಳು-ಬೆಲ್ಲಕ್ಕೆಂದು ಕೊಬ್ಬರಿಗೆ ಬರುವ ಬೇಡಿಕೆ ಜನವರಿಯ ಮೊದಲ ಎರಡು ವಾರಗಳಲ್ಲಿ ಒಟ್ಟಿಗೆ ನುಗ್ಗುತ್ತದೆ, ಮತ್ತು ಹಬ್ಬ ಮುಗಿದ ಮರುದಿನ ತಲುಪಿದ ಕೊಬ್ಬರಿಯಿಂದ ಯಾರಿಗೂ ಪ್ರಯೋಜನವಿಲ್ಲ. ಆದ್ದರಿಂದ ಈ ಸಲ ಪ್ರತಿ ಪಿನ್‌ಕೋಡಿಗೂ ಹಬ್ಬದೊಳಗೆ ತಲುಪಲು ಆರ್ಡರ್ ಕೊಡಬೇಕಾದ ಕೊನೆಯ ದಿನವನ್ನು ಬೆಲೆಯ ಕೆಳಗೆ ತೋರಿಸುತ್ತೇವೆ, ಆ ದಿನ ಕಳೆದ ಮೇಲೆ ಆ ಊರಿಗೆ ಹಬ್ಬದ ಪೊಟ್ಟಣದ ಗುಂಡಿ ಮುಚ್ಚಿಕೊಳ್ಳುತ್ತದೆ. ಬಂದ ಆರ್ಡರನ್ನು ಏಕೆ ಬಿಡಬೇಕು ಎಂದು ಅಣ್ಣ ವಾದಿಸುತ್ತಿದ್ದಾನೆ. ಆಮೇಲೆ ಬರುವ ಫೋನ್ ಕರೆಗಳಿಗೆ ಅವನೇ ಉತ್ತರ ಕೊಡುವುದಾದರೆ ಗುಂಡಿ ತೆರೆದೇ ಇರಲಿ ಎಂದು ಅತ್ತಿಗೆ ಹೇಳಿದ್ದಾರೆ.